ಬೀಗರೂಟದ ಹಸ್ತಲಾಘವ

ನಾನು ಸರ್ಕಾರಿ ನೌಕರ. ಪ್ರಥಮ ದರ್ಜೆ ಸಹಾಯಕ. ಚಲುವರಾಜು ಎಂಬ ನಾನು ಪ್ರಥಮ ದರ್ಜೆಯವನು ಎಂದು ಸರ್ಕಾರವೇ ಮುದ್ರೆ ಒತ್ತಿ ಒಪ್ಪಿಕೊಂಡಿರುವಾಗ, ನನ್ನ ಹೆಂಡತಿ ನಯನ ಒಬ್ಬಳು ಮಾತ್ರ ಒಪ್ಪುವುದಿಲ್ಲವೆಂದರೆ ತಪ್ಪು ಯಾರದು? ನೀವೇ ಹೇಳಿ. (ಹೇಳುವುದಾದರೆ ಮೆಲ್ಲಗೆ ಹೇಳಿ. ಅವಳು ಅಡುಗೆಮನೆಯಲ್ಲೇ ಇದ್ದಾಳೆ.)

ಇಷ್ಟು ವರ್ಷ ಈ ಭಿನ್ನಾಭಿಪ್ರಾಯ ಮಂಡ್ಯದ ನಮ್ಮ ಮನೆಯ ನಾಲ್ಕು ಗೋಡೆಯೊಳಗೇ ಮರ್ಯಾದೆಯಾಗಿ ಇತ್ತು. ಅದನ್ನು ಬೀದಿಗೆ ಎಳೆದದ್ದು ನನ್ನ ಮಗಳ ಜಾಣತನ. ದಡ್ಡ ಮಕ್ಕಳನ್ನು ಹೆತ್ತವರ ಕಷ್ಟ ಲೋಕಕ್ಕೆ ಗೊತ್ತು. ಜಾಣ ಮಕ್ಕಳನ್ನು ಹೆತ್ತವರ ಕಷ್ಟ ಹೇಳಿಕೊಂಡರೆ ಜನ ಜಂಬ ಎನ್ನುತ್ತಾರೆ.

ಮಗಳು ಶೋಭಿತಾ ಐದನೇ ಕ್ಲಾಸು. ಅವಳ ಲೆಕ್ಕದ ಟೀಚರ್ ಚಿತ್ರಾ ಮಿಸ್ಸು ಒಂದು ದಿನ ನಮ್ಮಿಬ್ಬರನ್ನೂ ಶಾಲೆಗೆ ಕರೆಸಿ, “ನಿಮ್ಮ ಮಗಳಿಗೆ ಗಣಿತದಲ್ಲಿ ವಿಶೇಷ ಪ್ರತಿಭೆ ಇದೆ. ಮಾಮೂಲಿ ಲೆಕ್ಕ ಅವಳಿಗೆ ಸಾಲದು. ಪ್ರತಿ ಶುಕ್ರವಾರ ಒಂದು ವಿಶೇಷ ಹಾಳೆ ಕೊಡ್ತೀನಿ. ಮನೆಯಲ್ಲಿ ಯಾರಾದರೂ ಜೊತೆಗೆ ಕೂತು ಯೋಚನೆ ಮಾಡಿ” ಎಂದರು. ನಾನು ಅಲ್ಲಿಂದ ಸೀದಾ ಮಿಠಾಯಿ ಅಂಗಡಿಗೆ ಹೋಗಿ ಮೈಸೂರುಪಾಕು ತಂದು ಬೀದಿಗೆಲ್ಲ ಹಂಚಿದೆ. ಜೊತೆಗೆ “ಗಣಿತ ಅವಳಿಗೆ ರಕ್ತದಲ್ಲೇ ಬಂದಿದೆ” ಎಂಬ ಮಾತನ್ನೂ ಹಂಚಿದೆ. ಯಾರ ರಕ್ತ ಎಂದು ಬೀದಿಯವರು ಕೇಳಲಿಲ್ಲ. ನಯನ ಕೇಳಿದಳು.

“ನಂದೇ” ಎಂದೆ.

“ಹೌದಾ? ಹಾಗಾದ್ರೆ ಶುಕ್ರವಾರ ನೀವೇ ಕೂತ್ಕೊಳಿ” ಎಂದಳು.

ಕೂತೆ. ಹಾಳೆಯ ನೆತ್ತಿಯ ಮೇಲೆ ‘ಪ್ರತಿಭಾವಂತ ಮಕ್ಕಳ ಗಣಿತಾಭ್ಯಾಸ’ ಎಂದಿತ್ತು. ಪಾದದಲ್ಲಿ ‘ಪೋಷಕರ ಸಹಿ’ ಎಂದಿತ್ತು. ನಡುವೆ ಇದ್ದುದು ಏನು ಎಂದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಪಾದದ ಭಾಗವನ್ನು ಮಾತ್ರ ನಾನು ಬಹಳ ಚೆನ್ನಾಗಿ ಮಾಡಿದೆ. ನನ್ನ ಸಹಿ ಕಚೇರಿಯಲ್ಲೇ ಹೆಸರುವಾಸಿ. ‘ಚ’ ಅಕ್ಷರದಿಂದ ಹೊರಟ ಬಾಲ ಮೂರು ಸುತ್ತು ಹೊಡೆದು ಕೆಳಗೆ ಎರಡು ಚುಕ್ಕಿ ಇಟ್ಟು ನಿಲ್ಲುತ್ತದೆ.

ಮೊದಲ ಲೆಕ್ಕ ಕಬ್ಬಿನದು. ಐದು ಆಳುಗಳು ಒಂದು ಗದ್ದೆಯ ಕಬ್ಬನ್ನು ಆರು ದಿನಗಳಲ್ಲಿ ಕಡಿದರೆ, ಹತ್ತು ಆಳುಗಳು ಎಷ್ಟು ದಿನಗಳಲ್ಲಿ ಕಡಿಯುವರು? ನಮ್ಮೂರು ಆತಗೂರಿನಿಂದ ಬಂದು ನಮ್ಮ ಜೊತೆಗಿದ್ದ ನನ್ನ ತಾಯಿ ಅಂಕಮ್ಮ ಎಲೆಗೆ ಸುಣ್ಣ ಸವರುತ್ತಾ ಕೇಳಿಸಿಕೊಂಡಳು.

“ಒಂಬತ್ ದಿನ ಆಯ್ತದೆ ಬರ್ಕಳ್ಲಾ” ಅಂದಳು.

“ಆಳು ಜಾಸ್ತಿ ಆದ್ರೆ ದಿನ ಕಮ್ಮಿ ಆಗ್ಬೇಕಲ್ಲವ್ವಾ?”

“ಯಾವೂರ್ನಲ್ಲಿ? ಐದ್ ಜನ ಕಡೀತಾರೆ, ಇನ್ನೈದ್ ಜನ ಅವ್ರ ಜೊತೆ ಮಾತಾಡ್ಕಂಡು ನಿಂತ್ಕತಾರೆ. ಕಡಿಯೋರ್ನೂ ಕೆಡಸ್ತಾರೆ. ಕಬ್ ಬೆಳ್ದಿರೋಳು ನಾನಾ, ನಿಮ್ ಮಿಸ್ಸಾ?”

ಅನುಭವದ ಮುಂದೆ ಗಣಿತ ಎಷ್ಟರದು? ನಾನು ಪೆನ್ಸಿಲಿನಲ್ಲಿ ದಪ್ಪಗೆ ಒಂಬತ್ತು ಎಂದು ಬರೆದೆ. ಸೋಮವಾರ ನೋಡಿದರೆ ಆ ಜಾಗದಲ್ಲಿ ಪುಟ್ಟದಾಗಿ ಮೂರು ಎಂದಿತ್ತು. ಪೆನ್ಸಿಲು, ಅಳಿಸಿಹೋಗಿರಬೇಕು ಎಂದುಕೊಂಡೆ. ಅಳಿಸಿದ ಮೇಲೆ ಮೂರು ಎಲ್ಲಿಂದ ಬಂತು ಎಂದು ಯೋಚಿಸಲಿಲ್ಲ. ಯೋಚಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಹೀಗೆ ನಾಲ್ಕಾರು ಶುಕ್ರವಾರ ಕಳೆಯುವಷ್ಟರಲ್ಲಿ ಮನೆ ಕುರುಕ್ಷೇತ್ರವಾಯಿತು. ತೊಟ್ಟಿಗೆ ಎರಡು ಪಂಪು ನೀರು ತುಂಬುವ ಲೆಕ್ಕ ಬಂದಾಗ “ತ್ರೀ ಫೇಸ್ ಕರೆಂಟು ಯಾವಾಗ ಕೊಡ್ತಾರಂತೆ, ಅದ್ನ ಕೇಳು ಮೊದ್ಲು” ಎಂದು ಅವ್ವ. “ಪ್ರಶ್ನೆ ಸರಿಯಾಗಿ ಓದ್ರೀ” ಎಂದು ನಯನ. “ಪ್ರಶ್ನೆಯೇ ತಪ್ಪು” ಎಂದು ನಾನು. ಶೋಭಿತಾ ಮಾತ್ರ ನಮ್ಮ ಮೂವರ ಬಾಯನ್ನು ಟೆನಿಸ್ ನೋಡುವಂತೆ ನೋಡುತ್ತಾ ಪೆನ್ಸಿಲ್ ಕಚ್ಚುತ್ತಿದ್ದಳು.

ಕೊನೆಗೊಂದು ಶುಕ್ರವಾರ ನಯನ ತೀರ್ಪು ಕೊಟ್ಟಳು.

“ಸಾಕು. ನೀವು ಹೀಗೆ ಹೇಳ್ಕೊಟ್ರೆ ಮಗೂಗೆ ಬರೋದೂ ಮರ್ತೋಗುತ್ತೆ. ಮಳವಳ್ಳೀಲಿ ನಮ್ಮ ಸಂತೋಷ ಇದಾನೆ. ಲೆಕ್ಕದ ಲೆಕ್ಚರರ್ರು. ಜೂನಿಂದ ಶೋಭೀನ ಅಲ್ಲೇ ಬಿಟ್ಬಿಡೋಣ. ಆರನೇ ಕ್ಲಾಸು ಅಲ್ಲೇ ಸೇರಿಸೋಣ.”

ಸಂತೋಷ್ ಎಂದರೆ ನನ್ನ ಭಾಮೈದ. ಒಳ್ಳೆಯ ಹುಡುಗ. ಅಷ್ಟು ಒಳ್ಳೆಯವನಾಗುವ ಅಗತ್ಯ ಇರಲಿಲ್ಲ. ನಾನು ನಗಲು ನೋಡಿದೆ, ಆಗಲಿಲ್ಲ. ಸಂಜೆ ನನ್ನ ಸ್ಕೂಟರಿನ ಸದ್ದು ಕೇಳಿ ಗೇಟು ತೆಗೆಯುವವಳು ಶೋಭಿತಾ. ಹೆಲ್ಮೆಟ್ ಇಸಿದುಕೊಂಡು ತನ್ನ ತಲೆಗೆ ಹಾಕಿಕೊಂಡು ಒಳಗೆ ಹೋಗುವವಳು ಅವಳೇ. ಅವಳಿಲ್ಲದ ಮನೆಗೆ ನಾನು ಹೆಲ್ಮೆಟ್ ಹಿಡಿದುಕೊಂಡು ಒಬ್ಬನೇ ಹೋಗುವುದನ್ನು ನೆನೆದೆ. ದುಃಖ ಬಂದಿತು, ಅದನ್ನು ಮುಚ್ಚಲು ಸಿಟ್ಟು ತಂದುಕೊಂಡೆ.

“ನನ್ನ ಮಗಳು ಎಲ್ಲಿಗೂ ಹೋಗಲ್ಲ! ಈ ವಾರದ ಹಾಳೆ ನಾನೇ ಹೇಳ್ಕೊಡ್ತೀನಿ. ಒಂದೂ ತಪ್ಪಿಲ್ಲದೆ!”

“ಭಾನುವಾರ ಆತಗೂರಿನ ಬೀಗರೂಟಕ್ಕೆ ಸಂತೋಷನೂ ಬರ್ತಾನೆ. ಅಷ್ಟರೊಳಗೆ ಹೇಳ್ಕೊಟ್ರೆ ಸರಿ. ಇಲ್ದಿದ್ರೆ ಅವನ ಹತ್ರ ಅಲ್ಲೇ ಮಾತು ಮುಗಿಸ್ತೀನಿ” ಎಂದಳು ನಯನ.

ನನ್ನ ಅದೃಷ್ಟಕ್ಕೆ ಆ ವಾರದ ಹಾಳೆಯಲ್ಲಿ ಉಳಿದದ್ದು ಒಂದೇ ಲೆಕ್ಕ. (ಮಿಕ್ಕವೆಲ್ಲ ನಾನು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ತಾವಾಗಿಯೇ ಮುಗಿದಿದ್ದವು.) ಆ ಒಂದು ಲೆಕ್ಕ ಇದು: ‘ಒಂದು ಔತಣಕೂಟದಲ್ಲಿ ಪ್ರತಿಯೊಬ್ಬರೂ ಉಳಿದ ಪ್ರತಿಯೊಬ್ಬರ ಕೈಯನ್ನು ಒಂದೇ ಒಂದು ಬಾರಿ ಕುಲುಕಿದರು. ಒಟ್ಟು ಇಪ್ಪತ್ತೆಂಟು ಹಸ್ತಲಾಘವಗಳಾದವು. ಹಾಗಾದರೆ ಕೂಟದಲ್ಲಿದ್ದವರು ಎಷ್ಟು ಮಂದಿ?’

ಒಂದು ಹಸ್ತಲಾಘವಕ್ಕೆ ಎರಡು ಕೈ ಬೇಕು. ಆದ್ದರಿಂದ ಇಪ್ಪತ್ತೆಂಟನ್ನು ಎರಡರಿಂದ ಗುಣಿಸಿದರೆ ಐವತ್ತಾರು ಜನ. ಆದರೆ ಇಬ್ಬರು ಸೇರಿ ಕುಲುಕುವುದು ಒಂದೇ ಸಲ. ಆದ್ದರಿಂದ ಎರಡರಿಂದ ಭಾಗಿಸಿದರೆ ಹದಿನಾಲ್ಕು ಜನ. ಕಾಫಿಗೆ ಮುಂಚೆ ಐವತ್ತಾರು ಸರಿ ಎನಿಸಿತು. ಕಾಫಿಯಾದ ಮೇಲೆ ಹದಿನಾಲ್ಕು ಸರಿ ಎನಿಸಿತು. ಕಚೇರಿಗೆ ಹೋಗಿ ಕೂತರೆ ಎರಡೂ ಸರಿ ಎನಿಸಿತು. ವಾಪಸು ಬರುವಾಗ ಸಿಗ್ನಲ್ಲಿನಲ್ಲಿ ನಿಂತು ಎರಡೂ ತಪ್ಪು ಎನಿಸಿ, ಹಿಂದಿನವರು ಹಾರನ್ ಹೊಡೆಯುವವರೆಗೂ ಹಾಗೇ ನಿಂತಿದ್ದೆ.

“ಅಪ್ಪಾ, ಒಬ್ಬೊಬ್ರೇ ಊಟಕ್ಕೆ ಬಂದ್ರು ಅಂತ ಇಟ್ಕೋ...” ಎಂದು ಶೋಭಿತಾ ಶುರು ಮಾಡಿದಳು.

“ಒಬ್ಬೊಬ್ರೇ ಬಂದ್ರೆ ಮುದ್ದೆ ತಣ್ಣಗಾಗುತ್ತೆ ಕಂದ. ನೀನು ಸುಮ್ನಿರು, ಅಪ್ಪ ಯೋಚನೆ ಮಾಡ್ತಿದೀನಿ.”

ಅವಳು ಸುಮ್ಮನಾದಳು. ಸುಮ್ಮನಾಗದವಳು ನಮ್ಮವ್ವ.

“ಅದ್ಯಾವ್ ಔತಣಾವ್ಲಾ ಅದು? ಔತಣಕ್ ಬಂದೋರು ಕೈ ತೊಳೀತಾರೆ, ಕೈ ಮುಗೀತಾರೆ. ಕೈ ಯಾಕ್ ಕುಲುಕ್ತಾರೆ? ಕೈ ಮೇಲೆ ಕೈ ಇಕ್ಕುದ್ರೆ ಭಾಸೆ ಕೊಟ್ಟಂಗೆ ಕಣ್ಲಾ. ನಿಮ್ಮಪ್ಪ ಸಂತೇಲಿ ಯಾರ್ದೋ ಕೈ ಇಡ್ಕಂಡು ಊಂ ಅಂದ್ಬುಟ್ಟು ಒಕ್ಕಣ್ಣಿನ್ ಎತ್ತು ಒಡ್ಕಂಬಂದಿದ್ದ. ಆಮೇಲ್ ಗೊತ್ತಾದ್ರೂ ವಾಪಸ್ ಕೊಡಾಕಾಯ್ತಾ? ಭಾಸೆ ಅಂದ್ರೆ ಭಾಸೆ. ಅದು ಇದ್ದಷ್ಟ್ ದಿನಾನೂ ಪಕ್ಕದೋರ್ ಗದ್ದೆ ಕಡೀಕೇ ತಿರೀಕತಿತ್ತು.”

ನಾನು ಎತ್ತಿನ ಕಥೆಗೆ ಕಿವಿ ಕೊಡಲಿಲ್ಲ. ಏಕೆಂದರೆ ಅದೇ ಗಳಿಗೆಯಲ್ಲಿ ನನಗೊಂದು ದಿವ್ಯಜ್ಞಾನ ಉದಯಿಸಿತ್ತು. ಔತಣಕೂಟ! ಭಾನುವಾರ ನಾವು ಹೋಗುತ್ತಿರುವುದು ಔತಣಕೂಟಕ್ಕೇ ಅಲ್ಲವೇ? ನಮ್ಮ ಚಿಕ್ಕಪ್ಪನ ಮೊಮ್ಮಗಳ ಮದುವೆಯ ಬೀಗರೂಟ. ಕೈಗಳಿಗೆ ಬರವಿಲ್ಲ. ತಲೆ ಕೆಡಿಸಿಕೊಳ್ಳುವ ಬದಲು ಹದಿನಾಲ್ಕು ಜನರನ್ನು ನಿಲ್ಲಿಸಿ ಕೈ ಕುಲುಕಿಸಿ ಎಣಿಸಿದರಾಯಿತು. ಸಂತೋಷನ ಕಣ್ಣೆದುರೇ, ನಯನಳ ಕಣ್ಣೆದುರೇ, ಪ್ರಾಯೋಗಿಕ ಗಣಿತ! ಮಹಾಮಹಾ ವಿಜ್ಞಾನಿಗಳಿಗೂ ಹೊಳೆಯದ್ದು ನನಗೆ ಹೊಳೆಯಿತಲ್ಲ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. (ಮನೆಯಲ್ಲಿ ಬೇರೆ ಯಾರೂ ತಟ್ಟುವವರಿಲ್ಲ.)

ಭಾನುವಾರ ಆತಗೂರಿನ ಚಿಕ್ಕಪ್ಪನ ಮನೆ ಮುಂದೆ ಶಾಮಿಯಾನ ತುಂಬಿತ್ತು. ಬಾಡಿನ ಸಾರಿನ ಘಮ ಮದ್ದೂರು ರಸ್ತೆಯವರೆಗೂ ಬಂದು ನಮ್ಮನ್ನು ಎದುರುಗೊಂಡಿತು. ಮೊದಲ ಪಂಕ್ತಿ ಎದ್ದು, ಜನ ಎಲೆ ಅಡಿಕೆ ಹಾಕಿಕೊಂಡು ಮೈಮರೆತಿದ್ದರು. ಇದೇ ಸರಿಯಾದ ಮುಹೂರ್ತವೆಂದು ನಾನು ಒಬ್ಬೊಬ್ಬರನ್ನೇ ಹಿಡಿದು ತಂದು ಸಾಲಾಗಿ ನಿಲ್ಲಿಸಿದೆ. ಒಟ್ಟು ಹದಿನಾಲ್ಕು ಜನ. ನಾನೂ ಸಂತೋಷನೂ ಅದರಲ್ಲಿ ಸೇರಿದ್ದೆವು.

“ಅಪ್ಪಾ, ಹದಿನಾಲ್ಕು ಬೇಡ...” ಎಂದು ಶೋಭಿತಾ ನನ್ನ ಅಂಗಿ ಎಳೆದಳು.

“ಇನ್ನೂ ಜಾಸ್ತಿ ಬೇಕಾ? ತಡಿ, ಮೊದಲು ಇಷ್ಟು ಆಗ್ಲಿ” ಎಂದೆ.

“ಏನ್ ಚಲುವಾ, ಸರ್ಕಾರ್ದಿಂದ ಏನಾದ್ರೂ ಕೊಡ್ತಾರಾ?” ಎಂದು ಸಾಲಿನಲ್ಲಿ ನಿಂತಿದ್ದ ನಮ್ಮ ಇಂದ್ರಮ್ಮತ್ತೆ ಆಸೆಯಿಂದ ಸೆರಗು ಸರಿಪಡಿಸಿಕೊಂಡಳು.

“ಏನೂ ಇಲ್ಲ ಅತ್ತೆ, ಮಗೂಗೆ ಪಾಠ. ಎಲ್ಲರೂ ಎಲ್ಲರ ಕೈನೂ ಒಂದೊಂದು ಸಲ ಹಿಡ್ಕೊಂಡು ಕುಲುಕಿ, ಅಷ್ಟೇ!” ಎಂದು ಕೂಗಿ, ಎಣಿಸಲು ಶುರು ಮಾಡಿದೆ.

ಮೊದಲ ಅನಾಹುತ ಐದನೇ ಎಣಿಕೆಗೇ ಆಯಿತು. ಇಂದ್ರಮ್ಮತ್ತೆಗೂ ಅವಳ ಓರಗಿತ್ತಿ ಮರಿತಾಯಮ್ಮನಿಗೂ ನಾಲೆ ನೀರಿನ ಸರದಿಯ ವಿಚಾರದಲ್ಲಿ ಮಾತು ನಿಂತು ಯಾವ ಕಾಲವಾಗಿತ್ತೋ. ಅದು ಊರಿಗೆಲ್ಲ ಗೊತ್ತು. ಲೆಕ್ಕದ ಅಮಲಿನಲ್ಲಿ ನಾನು ಮರೆತಿದ್ದೆ. ಇಬ್ಬರ ಕೈಯನ್ನೂ ನಾನೇ ಹಿಡಿದು ಜೋಡಿಸಿಬಿಟ್ಟೆ. ಇಬ್ಬರೂ ಕೆಂಡ ಮುಟ್ಟಿದವರಂತೆ ನನ್ನನ್ನು ನೋಡಿದರು.

“ಸರಿ ಬುಡು, ಕೈ ಇಕ್ಕವ್ಳಲ್ಲ. ನಂಗೇ ಮೊದ್ಲು ನೀರು ಅಂತ ಒಪ್ಕಂಡಂಗೇ ಆಯ್ತು” ಎಂದಳು ಮರಿತಾಯಮ್ಮ.

“ಯಾರವ್ವ ಒಪ್ಕಂಡೋರು? ನೀನ್ ತಾನೆ ಕೈ ಕೊಟ್ಟೋಳು! ನಾನ್ಯಾಕ್ ಬುಟ್ಕೊಡ್ಲಿ?”

ಅಷ್ಟರಲ್ಲಿ ಸಾಲಿನ ಆ ತುದಿಯಲ್ಲಿ ಚಿಕ್ಕಪ್ಪ ತನ್ನ ಬೀಗರ ಕೈ ಹಿಡಿದಿದ್ದ. ಬೀಗರು ಆ ಕೈಯನ್ನು ಬಿಡದೆ “ಅಂಗಾರೆ ಮುಂದಿನ್ ತಿಂಗ್ಳು ಇನ್ನೊಂದ್ ಬಾಡೂಟ ನೀವೇ ಆಕುಸ್ತೀರ” ಎನ್ನುತ್ತಿದ್ದರು. ಮತ್ತೊಂದು ಕಡೆ ಯಾರೋ ಯಾರದೋ ಕರುವನ್ನು ಕೇಳಿಯೂ ಆಗಿತ್ತು, ಪಡೆದೂ ಆಗಿತ್ತು. ನನಗೆ ಇದೊಂದೂ ತಲೆಗೆ ಹೋಗಲಿಲ್ಲ. ನನ್ನ ತಲೆಯಲ್ಲಿ ಜಾಗವೇ ಇರಲಿಲ್ಲ. ಏಕೆಂದರೆ ಎಣಿಕೆ ಇಪ್ಪತ್ತೆಂಟಕ್ಕೆ ನಿಲ್ಲಬೇಕಿತ್ತು, ಅದು ನಿಲ್ಲದೆ ಬ್ರೇಕ್ ತಪ್ಪಿದ ಟ್ರ್ಯಾಕ್ಟರಿನಂತೆ ಮುಂದೆ ಓಡುತ್ತಿತ್ತು. ಇಪ್ಪತ್ತೊಂಬತ್ತು, ಮೂವತ್ತು, ಮೂವತ್ತೊಂದು... ಇನ್ನೂ ಸಾಲಿನ ಅರ್ಧ ಜನ ಕೈ ಚಾಚಿಕೊಂಡು ನಿಂತಿದ್ದಾರೆ!

ಆಗ ಸಂತೋಷ್ ನನ್ನ ಮುಂದೆ ಬಂದು ಕೈ ಹಿಡಿದ.

“ಭಾವ, ಅಕ್ಕ ಎಲ್ಲ ಹೇಳಿದ್ಲು. ಜೂನಿಂದ ಶೋಭೀನ ನಮ್ಮನೇಗೆ ಕಳಿಸ್ಕೊಡಿ. ಆಯ್ತಾ?”

“ನಲವತ್ತೊಂದು... ಆಯ್ತು ಆಯ್ತು, ಮುಂದಕ್ಕೆ ಹೋಗು... ನಲವತ್ತೆರಡು...”

ಆ ಕ್ಷಣ ಏಕೋ ಚಾಚಿದ್ದ ಕೈಗಳೆಲ್ಲ ಕೆಳಗಿಳಿದು, ಎಲ್ಲರ ಮುಖವೂ ನನ್ನ ಕಡೆ ತಿರುಗಿತು. ನಲವತ್ತಮೂರನ್ನು ಬಾಯಲ್ಲೇ ಇಟ್ಟುಕೊಂಡು ಸುತ್ತ ನೋಡಿದೆ. ಚಾಪೆಯ ಮೇಲೆ ಕೂತಿದ್ದ ನಮ್ಮವ್ವ ಎಲೆಯ ರಸ ಉಗಿದು ಬಂದು, ನೆಟ್ಟಗೆ ಕೂತಳು.

“ಲೇ ಚಲುವ, ಏನಂದೆ ಈಗ?”

“ನಲವತ್ತೆರಡು ಅಂದೆ.”

“ಅದುಕ್ ಮೊದ್ಲು.”

ಅದಕ್ಕೆ ಮೊದಲು ನಾನು ಏನಂದೆ ಎಂದು ನನಗೇ ನೆನಪಾದಾಗ ಚಾಚಿದ್ದ ಕೈಯನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡೆ.

“ಅದು... ಎಣಿಸ್ತಾ ಇದ್ದೆ ಕಣವ್ವ! ನಾನು ಒಪ್ಕೊಂಡಿಲ್ಲ!”

“ಕೈ ಇಡ್ಕಂಡು ಆಯ್ತು ಅಂದೆಯಾ, ಇಲ್ವಾ?”

“ಅಂದೆ, ಆದ್ರೆ...”

“ಅಂದ್ಮೇಲೆ ಮುಗೀತು. ನಿಮ್ಮಪ್ಪ ಒಕ್ಕಣ್ಣಿನ್ ಎತ್ನೇ ವಾಪಸ್ ಕೊಡ್ಲಿಲ್ಲ. ಈ ಮನೆತನ್ದಾಗೆ ಭಾಸೆ ತಪ್ಪಿರೋರು ಯಾರೂ ಇಲ್ಲ.”

ನೀರಿಗಾಗಿ ಕಿತ್ತಾಡುತ್ತಿದ್ದ ಇಂದ್ರಮ್ಮತ್ತೆಯೂ ಮರಿತಾಯಮ್ಮನೂ ಜಗಳ ನಿಲ್ಲಿಸಿ, ಒಂದೇ ದನಿಯಲ್ಲಿ “ಔದು, ನಾವೂ ಕೇಳುಸ್ಕಂಡೊ” ಎಂದರು. ಎಷ್ಟೋ ವರ್ಷದ ಮೇಲೆ ಆ ಇಬ್ಬರೂ ಒಪ್ಪಿದ ಮೊದಲ ಮಾತು ಅದು. ನಾನು ಸಹಾಯಕ್ಕಾಗಿ ನಯನಳ ಕಡೆ ನೋಡಿದೆ. ಗೆದ್ದವಳು ಬೀಗುತ್ತಿರಬೇಕು ಎಂದುಕೊಂಡರೆ ಅವಳ ಕಣ್ಣಲ್ಲಿ ನೀರು!

“ನಾನು ಸುಮ್ನೆ ಹೆದರ್ಸೋಣ ಅಂತ ಹೇಳ್ದೆ ಕಣ್ರೀ” ಎಂದು ಸೆರಗನ್ನು ಮೂಗಿಗೆ ಒತ್ತಿಕೊಂಡಳು. “ಸಂತೋಷನಿಗೆ ಫೋನಲ್ಲಿ ಹೇಳಿದ್ದೂ ಮಾತಿಗೆ. ನೀವ್ಯಾಕೆ ಒಪ್ಕೊಂಡ್ರಿ? ಮಗೂನ ಬಿಟ್ಟು ನಾನು ಹೇಗಿರ್ಲಿ?”

ಅಂದರೆ, ಕಳಿಸುತ್ತೇನೆ ಎಂದವಳಿಗೆ ಕಳಿಸಲು ಮನಸ್ಸಿಲ್ಲ. ಕಳಿಸುವುದಿಲ್ಲ ಎಂದವನು ಕಳಿಸಲು ಮಾತು ಕೊಟ್ಟಿದ್ದಾನೆ. ಕರೆದವನು ನೋಡಿದರೆ ಅವಳ ಮಾತನ್ನು ನಿಜವೆಂದುಕೊಂಡು ಕರೆದಿದ್ದಾನೆ. ಇದು ಯಾವ ಹಾಳೆಯ ಲೆಕ್ಕವೋ ದೇವರೇ ಬಲ್ಲ. ನನಗೆ ಅಳು ಬಂತು. ಸುಳ್ಳು ಹೇಳುವುದಿಲ್ಲ, ಅಷ್ಟು ಜನರ ಮುಂದೆಯೇ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡೆ.

ಆಗ ಶೋಭಿತಾ ಮುಂದೆ ಬಂದಳು. “ಅಪ್ಪಾ, ಈಗಲಾದ್ರೂ ಹೇಳ್ಲಾ?” ಎಂದಳು. ಈ ಸಲ ನಾನು ಸುಮ್ಮನಿರು ಎನ್ನದೆ ತಲೆಯಾಡಿಸಿದೆ.

ಅವಳು ಅಜ್ಜಿಯ ತಟ್ಟೆಯಿಂದ ಅಡಿಕೆ ಚೂರುಗಳನ್ನು ತೆಗೆದುಕೊಂಡು ಚಾಪೆಯ ಮೇಲೆ ಒಂದೊಂದಾಗಿ ಇಡುತ್ತಾ ಹೋದಳು.

“ಮೊದಲನೆಯೋರು ಊಟಕ್ಕೆ ಬಂದ್ರು. ಕೈ ಕುಲುಕಕ್ಕೆ ಯಾರೂ ಇಲ್ಲ. ಎರಡನೆಯೋರು ಬಂದ್ರು, ಒಂದು ಸಲ ಕುಲುಕಿದ್ರು. ಮೂರನೆಯೋರು ಬಂದ್ರು, ಇರೋ ಇಬ್ರ ಕೈನೂ ಕುಲುಕಿದ್ರು. ಹೀಗೇ ಹೋದ್ರೆ ಎಂಟನೆಯೋರು ಬಂದಾಗ ಏಳು ಸಲ. ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು, ಎಲ್ಲ ಕೂಡಿದ್ರೆ ಇಪ್ಪತ್ತೆಂಟು. ಅಷ್ಟೇ. ಎಂಟು ಜನ.”

ಸಂತೋಷ್ ಅಡಿಕೆ ಚೂರುಗಳನ್ನು ನೋಡಿದ, ಅವಳನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಆ ಮೂರನೆಯ ನೋಟ ನನಗೆ ಇಷ್ಟವಾಗಲಿಲ್ಲ.

“ಯಾವಾಗ ಮಾಡ್ದೆ ಇದನ್ನ?” ಎಂದ.

“ಶುಕ್ರವಾರ. ಅಪ್ಪ ಸ್ನಾನಕ್ಕೆ ಹೋಗಿದ್ದಾಗ ಎಲ್ಲಾನೂ ಮಾಡ್ದೆ. ಇದೊಂದನ್ನ ಬರೀದೆ ಹಾಗೇ ಬಿಟ್ಟಿದ್ದೆ. ಅಪ್ಪಂಗೂ ಏನಾದ್ರೂ ಇರ್ಲಿ ಅಂತ.”

ಶಾಮಿಯಾನದಲ್ಲಿ ನಗು ಎದ್ದಿತು. ಪಾತ್ರೆ ತೊಳೆಯುತ್ತಿದ್ದವರೂ ಎದ್ದು ಬಂದು ಏನೆಂದು ಕೇಳಿ, ಕೇಳಿದ ಮೇಲೆ ಅವರೂ ನಕ್ಕರು. ನನಗೆ ಅವಮಾನವೂ ಆಯಿತು, ಎದೆ ತುಂಬಿಯೂ ಬಂತು. ಎರಡೂ ಒಟ್ಟಿಗೆ ಬಂದರೆ ಮುಖ ಹೇಗಿಟ್ಟುಕೊಳ್ಳಬೇಕು ಎಂಬುದು ತಿಳಿಯದೆ, ಎರಡೂ ಅಲ್ಲದ ಒಂದು ಮುಖ ಮಾಡಿಕೊಂಡು ನಿಂತೆ.

“ಭಾವ, ಇವಳಿಗೆ ನಾನು ಹೇಳ್ಕೊಡೋದು ಏನೂ ಇಲ್ಲ. ಇವಳು ಮಂಡ್ಯದಲ್ಲೇ ಇರ್ಲಿ” ಎಂದ ಸಂತೋಷ್. ನಾನು ಅವನನ್ನು ತಬ್ಬಿಕೊಳ್ಳಲು ಹೋದೆ. ನಮ್ಮವ್ವ ಅಡ್ಡಬಂದಳು.

“ತಡ್ಯಪ್ಪಾ. ನೀನ್ ಬುಟ್ರೂ ಭಾಸೆ ಬುಡಾಕಿಲ್ಲ. ಮಳವಳ್ಳೀಗೆ ಕಳುಸ್ತೀನಿ ಅಂತ ಕೈ ಇಡ್ದು ಏಳಾಗದೆ. ನಿನ್ನ ಬರೀಗೈಲಿ ಕಳ್ಸುದ್ರೆ ನಾಳೆ ಊರ್ನೋರು ಏನಂದಾರು?”

“ಹಾಗಾದ್ರೆ ಏನ್ ಮಾಡೋದು ಅತ್ತೆ?” ಎಂದಳು ನಯನ. ಅವಳ ಕೈ ಮತ್ತೆ ಸೆರಗಿಗೆ ಹೋಯಿತು.

ನಮ್ಮವ್ವ ಶೋಭಿತಾ ಇಟ್ಟಿದ್ದ ಅಡಿಕೆ ಚೂರುಗಳಲ್ಲಿ ಒಂದನ್ನು ಎತ್ತಿ ಬಾಯಿಗೆ ಹಾಕಿಕೊಂಡು, ಎಲ್ಲರನ್ನೂ ಒಂದು ಸುತ್ತು ನೋಡಿದಳು.

“ಮಗೀಗೆ ಲೆಕ್ಕ ಬತ್ತದೆ. ಬರ್ದೇ ಇರೋನು ನನ್ ಮಗ. ಭಾಸೆ ಕೊಟ್ಟೋನೂ ಅವ್ನೇಯ. ಕೊಟ್ಟೋನೇ ತೀರುಸ್ಲಿ. ಭಾನ್ವಾರ ಭಾನ್ವಾರ ಅವ್ನೇ ಓಗಿ ಕಲ್ತ್ಕಂಡ್ ಬರ್ಲಿ.”

“ಅವ್ವಾ! ನಾನು ಪ್ರಥಮ ದರ್ಜೆ...”

“ಔದು ಕಣಪ್ಪ. ಒಂದ್ನೇ ಕ್ಲಾಸಿಂದ್ಲೇ ಸುರು ಮಾಡು.”

ಮೇಲ್ಮನವಿಗೆ ಅವಕಾಶವಿರಲಿಲ್ಲ. ಇಂದ್ರಮ್ಮತ್ತೆ ಮತ್ತು ಮರಿತಾಯಮ್ಮ ಪಕ್ಕಪಕ್ಕ ಕೂತು ಒಂದೇ ತಟ್ಟೆಯಿಂದ ಎಲೆ ತೆಗೆದುಕೊಳ್ಳುತ್ತಾ, ಇದಕ್ಕಿಂತ ನ್ಯಾಯವಾದ ತೀರ್ಮಾನ ಈ ಊರಲ್ಲಿ ಆಗಿಲ್ಲವೆಂದರು. ಅವರ ನೀರಿನ ಸರದಿ ಏನಾಯಿತು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಈಗ ಪ್ರತಿ ಭಾನುವಾರ ಬೆಳಿಗ್ಗೆ ನಾನು ಮಳವಳ್ಳಿ ಬಸ್ಸು ಹತ್ತುತ್ತೇನೆ. ನಯನ ಚಿತ್ರಾನ್ನದ ಡಬ್ಬಿ ಕಟ್ಟಿಕೊಡುತ್ತಾಳೆ. ಶೋಭಿತಾ ನನ್ನ ಪೆನ್ಸಿಲು ಚೂಪು ಮಾಡಿ ಅಂಗಿಯ ಜೇಬಿಗೆ ಸಿಕ್ಕಿಸಿ, “ದಾರೀಲಿ ಯಾರ ಕೈನೂ ಹಿಡ್ಕೋಬೇಡ ಅಪ್ಪ” ಎಂದು ಬುದ್ಧಿ ಹೇಳುತ್ತಾಳೆ. ಸಂತೋಷ್ ಮೊದಮೊದಲು ನನ್ನನ್ನು “ಭಾವ” ಎಂದೇ ಮರ್ಯಾದೆಯಾಗಿ ಗದರುತ್ತಿದ್ದ. ಈಚೆಗೆ ಭಾವ ಎಂಬುದನ್ನು ಬಿಟ್ಟಿದ್ದಾನೆ. ಕಬ್ಬು ಕಡಿಯುವ ಲೆಕ್ಕದಲ್ಲಿ ನಾನು ಮತ್ತೆ ಒಂಬತ್ತು ಎಂದು ಬರೆದ ದಿನದಿಂದ.

ನಿನ್ನೆ ರಾಗಿ ಹಿಟ್ಟಿನ ಕೈಯಲ್ಲೇ ನಯನ ಕರೆದಳು. “ರೀ, ಹಾಳೆಗೆ ಸಹಿ ಆಯ್ತಾ? ಇಲ್ದಿದ್ರೆ ಸಂತೋಷ ಒಳಗೆ ಬಿಡಲ್ಲ.” ನಾನು ಸಂತೋಷ್ ಕೊಟ್ಟಿದ್ದ ನನ್ನ ಹಾಳೆ ತೆಗೆದುಕೊಂಡು ಜಗಲಿಯಲ್ಲಿ ಕೂತಿದ್ದ ಶೋಭಿತಾಳ ಮುಂದೆ ಹೋಗಿ ನಿಂತೆ. ಅವಳು ನನ್ನ ಹೆಲ್ಮೆಟ್ ಹಾಕಿಕೊಂಡೇ ಮೇಲಿನಿಂದ ಕೆಳಗಿನವರೆಗೆ ಓದಿದಳು.

“ಮೂರನೇದು ತಪ್ಪು. ಪ್ರಶ್ನೆ ಸರಿಯಾಗಿ ಓದು ಅಪ್ಪ” ಎಂದು, ಕೆಳಗೆ ‘ಪೋಷಕರ ಸಹಿ’ ಎಂದಿದ್ದ ಕಡೆ ಸಹಿ ಹಾಕಿದಳು. ಬಾಲ ಮೂರು ಸುತ್ತು ಹೊಡೆದು, ಕೆಳಗೆ ಎರಡು ಚುಕ್ಕಿ ಇಟ್ಟು ನಿಂತಿತು.